ಕೀಲಿ ಮರೆತವರ ಸ್ಕೂಟರು

ಗಂಗಾವೇಶಿಯ ಮಾರುಕಟ್ಟೆಯಲ್ಲಿ ನನ್ನ ಸ್ಕೂಟರು ಕಳುವಾದ ದಿನ ನಮ್ಮ ಠಾಣೆಯಲ್ಲಿ ಕೆಲಸ ನಡೆಯಲಿಲ್ಲ, ಬರೀ ನಗು ನಡೆಯಿತು. ಪೊಲೀಸಮ್ಮನ ಗಾಡಿ, ಅದೂ ಹಾಡುಹಗಲು, ಅದೂ ಕೀಲಿಯನ್ನು ಗಾಡಿಯಲ್ಲೇ ಬಿಟ್ಟು ಕೊತ್ತಂಬರಿಗೆ ಚೌಕಾಸಿ ಮಾಡುತ್ತ ನಿಂತಿದ್ದಾಗ.

“ಶಾಲನ್‌ತಾಯಿ, ಕಂಪ್ಲೇಂಟ್ ಬರಕೊಳ್ಳಾಕ ಬಂದೀರೋ, ಬರಸಾಕ ಬಂದೀರೋ?” ಎಂದು ಇನ್‌ಸ್ಪೆಕ್ಟರ್ ಇಂಗವಲೆ ಸಾಹೇಬರು ಕೇಳಿದರು. ಚಹಾ ತರುವವನೂ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕ.

ನಾನು ಶಾಲನ್ ಚೌಗುಲೆ, ಹೆಡ್ ಕಾನ್‌ಸ್ಟೆಬಲ್. ಕೊಲ್ಹಾಪುರದಲ್ಲೇ ಹುಟ್ಟಿ ಕೊಲ್ಹಾಪುರದಲ್ಲೇ ನೌಕರಿ ಮಾಡುತ್ತಿರುವವಳು. ಮಕ್ಕಳ ವಿಭಾಗ ನನ್ನದು. ಹದಿನೆಂಟು ತುಂಬದವರು ಏನಾದರೂ ಎಡವಟ್ಟು ಮಾಡಿಕೊಂಡರೆ ನನ್ನ ಮೇಜಿಗೆ ಬರುತ್ತಾರೆ. ಅವರ ಎದುರು ಖಾಕಿ ತೊಡಬಾರದೆಂದು ಕಾನೂನೇ ಇರುವುದರಿಂದ ನಾನು ಹೆಚ್ಚಾಗಿ ಸೀರೆಯಲ್ಲೇ ಇರುತ್ತೇನೆ. ನೋಡಿದವರು ಶಾಲೆಯ ಟೀಚರೆಂದುಕೊಳ್ಳುತ್ತಾರೆ, ಇಲ್ಲವೇ ವಿಮೆ ಮಾಡಿಸುವವಳು ಬಂದಳೆಂದು ಬಾಗಿಲು ಹಾಕಿಕೊಳ್ಳುತ್ತಾರೆ.

ಮಾರುಕಟ್ಟೆಯಿಂದ ಸ್ಕೂಟರು ಮಾಯವಾಗುವುದು ಆ ಬೇಸಿಗೆಯಲ್ಲಿ ಹೊಸ ಸುದ್ದಿಯೇನೂ ಆಗಿರಲಿಲ್ಲ. ಗೇರಿಲ್ಲದ, ಹೆಂಗಸರು ಓಡಿಸುವ ಗಾಡಿಗಳೇ ಹೋಗುತ್ತಿದ್ದವು. ಆದರೆ ಸ್ವಲ್ಪ ಹೊತ್ತಿನಲ್ಲೇ ರಂಕಾಳಾ ಕೆರೆಯ ಬದಿಯಲ್ಲೋ, ಯಾವುದೋ ಗಲ್ಲಿಯ ಬೇವಿನ ನೆರಳಲ್ಲೋ ನೆಟ್ಟಗೆ ಸ್ಟ್ಯಾಂಡ್ ಹಾಕಿ ನಿಂತಿರುತ್ತಿದ್ದವು. ಪೆಟ್ರೋಲು ಮಾತ್ರ ಕೊಂಚ ಇಳಿದಿರುತ್ತಿತ್ತು. ಸಿಕ್ಕಿದ ಮೇಲೆ ದೂರು ಕೊಡುವವರು ಯಾರು? “ನಾನs ಎಲ್ಲೋ ಇಟ್ಟು ಮರತಿದ್ದೆ ಕಾಣತೈತಿ” ಎಂದು ಒಬ್ಬಾಕೆ ತನ್ನನ್ನೇ ಬೈದುಕೊಂಡಿದ್ದಳು.

ನನ್ನ ಗಾಡಿ ಮಾತ್ರ ಅಂದು ಸಂಜೆಯಾದರೂ ಎಲ್ಲೂ ಕಾಣಲಿಲ್ಲ.

ಮರುದಿನ ಗಿರಾಕಿಗಳ ಎದುರಿಗೇ ಹಾಲು ಕರೆದು ಮಾರುವ ಹಾಲುಕಟ್ಟೆಗೆ ಎಮ್ಮೆಗಳು ಬರುವ ಹೊತ್ತಿಗೆ ಹೌಸಾಬಾಯಿಯ ಫೋನು ಬಂತು. ಹೌಸಾಬಾಯಿಯದು ಖಾನಾವಳಿ. ಅವಳ ಬಿಳಿ ರಸ್ಸಾ ಎಂಬ ಮಟನ್ ಸಾರು ಕುಡಿಯಲು ಸಾಂಗ್ಲಿಯಿಂದ ಜನ ಬರುತ್ತಾರೆ. ಮಗ ಕೊಡಿಸಿದ ಹೊಸ ಸ್ಕೂಟರೊಂದು ಅವಳ ಬಾಗಿಲಲ್ಲಿ ನಿಂತಿರುತ್ತಿತ್ತು, ಅದೂ ಒಮ್ಮೆ ಹೀಗೇ ಮಾಯವಾಗಿ ತಿರುಗಿ ಬಂದಿತ್ತು.

“ಶಾಲನ್, ನಿನ್ನ ಗಾಡಿ ನನ್ನ ಬಾಗಲಾಗ ನಿಂತೈತಿ. ಮ್ಯಾಲ ಒಂದು ಹುಡಿಗಿ ಕುಂತೈತಿ. ರಸ್ತಾದ ತುಂಬ ಎಮ್ಮಿ. ಅವು ಸರಿಯೂದ್ರಾಗ ಓಡಿ ಬಾ!”

ಠಾಣೆಯಿಂದ ಎರಡು ಗಲ್ಲಿ. ನಾನು ನೆರಿಗೆ ಎತ್ತಿ ಹಿಡಿದು ಓಡಿದೆ. ನಾನು ಮುಟ್ಟುವುದಕ್ಕೂ ಕೊನೆಯ ಎಮ್ಮೆ ಪಕ್ಕಕ್ಕೆ ಸರಿಯುವುದಕ್ಕೂ ಸರಿಹೋಯಿತು. ಎರಡು ಜಡೆಯ ಹುಡುಗಿಯೊಬ್ಬಳು ನನ್ನ ಗಾಡಿಯನ್ನು ಅಂದವಾಗಿ ಓರೆ ಮಾಡಿ, ಎಮ್ಮೆಯ ಬಾಲಕ್ಕೂ ತಾಗದಂತೆ ತಿರುಗಿಸಿಕೊಂಡು ಹೊರಟೇಬಿಟ್ಟಳು.

“ಹತ್ತು!” ಎಂದಳು ಹೌಸಾಬಾಯಿ, ತನ್ನ ಸ್ಕೂಟರಿನ ಮೇಲೆ ಕುಳಿತು.

“ನಿಮಗ ಓಡಸಾಕ ಬರತೈತೇನ ಮಾವಶಿ?”

“ಬರತೈತೋ ಇಲ್ಲೋ, ಮುಂದ ಹೋಗತೈತಿ!”

ಮುಂದೆ ಹೋಯಿತು ನಿಜ. ಆದರೆ ಹೌಸಾಬಾಯಿ ಬಲಗೈ ತಿರುವುತ್ತಿದ್ದಾಗಲೇ ಎರಡೂ ಬ್ರೇಕು ಹಿಡಿದುಕೊಂಡಿದ್ದಳು. ಗಾಡಿ ಕೂಗುತ್ತಿತ್ತು, ನಡುಗುತ್ತಿತ್ತು, ಓಡುತ್ತಿರಲಿಲ್ಲ. ಹಿಂದೆ ಬರುತ್ತಿದ್ದ ಎಮ್ಮೆಯೊಂದು ನಮ್ಮನ್ನು ಒಮ್ಮೆ ನೋಡಿ ದಾಟಿಕೊಂಡು ಹೋಯಿತು. “ನಿಲ್ಲs ಹುಡಿಗಿ!” ಎಂದು ಹೌಸಾಬಾಯಿ ಕೂಗಿದಳು. ಕೂಗುವ ಭರದಲ್ಲಿ ಬ್ರೇಕು ಬಿಟ್ಟಳು. ಗಾಡಿ ಒಮ್ಮೆಲೇ ಹಾರಿ, ಕಬ್ಬಿನ ಹಾಲಿನ ಅಂಗಡಿಯ ಪಕ್ಕ ಗುಡ್ಡೆ ಹಾಕಿದ್ದ ಸಿಪ್ಪೆಯೊಳಗೆ ನಮ್ಮಿಬ್ಬರನ್ನೂ ಹೂತಿತು.

ಸಿಪ್ಪೆಯಿಂದ ತಲೆ ಹೊರಗೆ ತೆಗೆದಾಗ ನನ್ನ ಎದುರಿಗೆ ನನ್ನದೇ ಗಾಡಿ ನಿಂತಿತ್ತು. ಹುಡುಗಿ ಕನ್ನಡಿಯಲ್ಲಿ ನಮ್ಮನ್ನು ನೋಡಿ, ಗಾಡಿ ತಿರುಗಿಸಿ, ಹಿಂದಕ್ಕೆ ಬಂದಿದ್ದಳು. ಹೌಸಾಬಾಯಿಯ ಎರಡೂ ಕೈ ಹಿಡಿದು ಎಬ್ಬಿಸುತ್ತಿದ್ದಳು.

“ಮಾವಶಿ, ಪೆಟ್ಟಾತೇನ್ರಿ? ಬ್ರೇಕ್ ಹಿಡಿಯೂ ಮುಂದ ಬಲಗೈ ಸಡ್ಲ ಬಿಡಬೇಕ್ರಿ. ಎರಡೂ ಕೂಡೇ ಹಿಡದ್ರ ಗಾಡಿ ಪಾಪ ಏನ್ ಮಾಡಬೇಕು? ನಿಲ್ಲು ಅಂತೀರೋ, ನಡಿ ಅಂತೀರೋ?”

ನಾನು ಅವಳ ರಟ್ಟೆ ಹಿಡಿದೆ. “ಇದು ನನ್ನ ಗಾಡಿ.”

ಅವಳು ನನ್ನನ್ನು ನೋಡಿದಳು. “ಗೊತ್ತೈತ್ರಿ. ಡಿಕ್ಕಿಯೊಳಗ ನಿಮ್ಮ ಐಡಿ ಕಾರ್ಡ್ ನೋಡಿದೆ. ಆಮ್ಯಾಲ ನಿನ್ನೆ ಅದನ್ನ ಎಲ್ಲಿ ಬಿಡಬೇಕಂತ ತಿಳೀಲಿಲ್ಲ. ಠಾಣೆ ಮುಂದ ಬಿಟ್ಟು ಹೋಗಬೇಕಂತ ಹೊಂಟಿದ್ದೆ, ಎಮ್ಮಿ ಅಡ್ಡ ಬಂದ್ವು.” ಸ್ವಲ್ಪ ತಡೆದು, “ಫೋಟೋದಾಗ ಭಾಳ ಸಣ್ಣಗಿದ್ರಿ,” ಎಂದಳು.

ಹೌಸಾಬಾಯಿ ಸಿಪ್ಪೆ ಕೊಡವಿಕೊಳ್ಳುತ್ತಲೇ ಹೊಟ್ಟೆ ಹಿಡಿದು ನಗತೊಡಗಿದಳು.

ಹುಡುಗಿಯ ಹೆಸರು ರಸಿಕಾ ಲೋಹಾರ. ಒಂಬತ್ತನೇ ತರಗತಿ ಮುಗಿಸಿದವಳು, ಹದಿನೈದು ತುಂಬಿತ್ತು. ನಾನು ಅವಳನ್ನು ನೇರ ಠಾಣೆಗೆ ಕರೆದೊಯ್ಯುವುದರಲ್ಲಿದ್ದೆ. ಹೌಸಾಬಾಯಿ ಬಿಡಲಿಲ್ಲ. “ಮೊದಲ ಉಣ್ಣಲಿ. ಹಸದ ಹೊಟ್ಟೀಲೆ ಯಾರೂ ಖರೇ ಹೇಳೂದಿಲ್ಲ” ಎಂದು ಒಳಗೆ ಕೂರಿಸಿ, ಬಿಸಿ ಜೋಳದ ಭಾಕರಿ, ಬಟ್ಟಲು ತುಂಬ ರಸ್ಸಾ ಇಟ್ಟಳು. ಹುಡುಗಿಯ ಮನೆಗೆ ಫೋನು ಮಾಡಿ ನಾನೂ ಎದುರಿಗೆ ಕುಳಿತೆ.

“ಎಷ್ಟು ಗಾಡಿ ಕದ್ದಿ?”

“ಕದ್ದಿಲ್ರಿ. ಕೀಲಿ ಬಿಟ್ಟು ಹೋದವರ ಗಾಡಿ ಅಷ್ಟs ತಗೊಂಡೇನಿ.”

“ಕೀಲಿ ಇದ್ದರ ಅದು ನಿಂದಾಗತೈತೇನು?”

“ಇಲ್ರಿ.”

“ಮತ್ತ್ಯಾಕ ತಗೊಂಡಿ? ಮಾರಾಕ?”

“ಛೇ!” ಅವಳಿಗೆ ನಿಜವಾಗಿಯೂ ಸಿಟ್ಟು ಬಂತು. ಭಾಕರಿಯನ್ನು ಸಣ್ಣ ಸಣ್ಣ ಚೂರು ಮಾಡಿದಳು. ಆಮೇಲೆ, ನನಗಲ್ಲ, ಬಟ್ಟಲಿಗೆ ಹೇಳುವಂತೆ ಹೇಳಿದಳು: “ನನಗ ಗಾಡಿ ಭಾಳ ಚಲೋ ಓಡಸಾಕ ಬರತೈತ್ರಿ. ಅದನ್ನ ಯಾರೂ ನೋಡೇ ಇಲ್ಲ.”

ಈ ಕೆಲಸದಲ್ಲಿ ನಾನು ಬಹಳ ಉತ್ತರ ಕೇಳಿದ್ದೇನೆ. ಗೆಳೆಯರು ಕರೆದರು, ಹಸಿವಾಗಿತ್ತು, ಸಿಟ್ಟು ಬಂದಿತ್ತು, ವಿಡಿಯೋ ಮಾಡಿ ಹಾಕಬೇಕಿತ್ತು. ಇಂಥ ಉತ್ತರ ಮೊದಲ ಸಲ.

ಅವ್ವ ಅಪ್ಪ ಅಣ್ಣ ಮೂವರೂ ಬಂದರು. ಅಪ್ಪ ದಿನಕರನದು ಮೊದಲು ಸ್ವಂತ ಗ್ಯಾರೇಜು ಇತ್ತು. ಅದು ಮುಚ್ಚಿದ ಮೇಲೆ ಶಿರೋಲಿಯ ಎರಕದ ಕಾರ್ಖಾನೆಯಲ್ಲಿ ಕೆಲಸ. ಅವ್ವ ಅಲಕಾ ಮದುವೆ ಮಂಟಪವೊಂದರ ಅಡುಗೆಮನೆಯಲ್ಲಿದ್ದಳು. ಅಣ್ಣ ಋತುರಾಜ ಹತ್ತೊಂಬತ್ತರವನು, ಹೊಳೆಯುವ ಮೋಟರ್‌ಸೈಕಲ್ಲಿನ ಮೇಲೆ ಬಂದಿಳಿದ. ಮಗಳನ್ನು ನೋಡಿದ್ದೇ ದಿನಕರ ಕೈ ಎತ್ತಿದ. ನಾನು ನಡುವೆ ನಿಂತೆ.

“ಇಲ್ಲಿ ಹೊಡದ್ರ ನಿಮ್ಮ ಮ್ಯಾಲ ಕೇಸ್ ಆಗತೈತಿ.”

“ತಾಯಿ, ನನ್ನ ಮಾರಿಗೆ ಮಸಿ ಬಳದಾಳ್ರಿ ಇಕಿ! ಲೋಹಾರನ ಮಗಳು ಗಾಡಿ ಕಳ್ಳಿ ಅಂತಾರ ನಾಳೆ!”

“ಇಕಿಗೆ ಗಾಡಿ ಕಲಿಸಿದವರು ಯಾರು?”

ದಿನಕರ ಕೈ ಇಳಿಸಿದ. ಅಲಕಾ ಮೆಲ್ಲನೆ ಹೇಳಿದಳು: “ಅವರs ಕಲಿಸ್ಯಾರ್ರಿ. ಗ್ಯಾರೇಜ್ ಇದ್ದಾಗ ದಿನಾ ತೊಡಿಮ್ಯಾಲ ಕುಂದರಿಸಿಕೊಂಡು ಓಡಸ್ತಿದ್ರು. ಕಾರ್ಬುರೇಟರ್ ಬಿಚ್ಚಾಕ ಕಲಿಸಿದ್ರು. ದೊಡ್ಡಾಕಿ ಆದ ಕೂಡ್ಲೆ ಸಾಕು ಅಂದ್ರು.”

“ಹೆಣ್ಣ ಹುಡಿಗಿ ಎಣ್ಣಿ ಕೈ ಮಾಡ್ಕೊಂಡು ಕುಂದ್ರೂದು ಚಂದ ಕಾಣತೈತೇನ್ರಿ?” ಎಂದ ದಿನಕರ.

“ಮತ್ತ ಇವಂಗ ಮೋಟರ್‌ಸೈಕಲ್?”

“ಅಂವಾ ಗಂಡ ಹುಡುಗ. ಕಾಲೇಜಿಗೆ ಹೋಗಬೇಕು.”

“ಅಪ್ಪಾ,” ರಸಿಕಾ ತಲೆ ಎತ್ತಿದಳು, “ಅದರ ಚೈನ್ ಸಡ್ಲ ಆದ್ರ ಬಿಗಿ ಮಾಡೂದು ಯಾರು? ನಾನು. ಅದನ್ನ ತೊಳಿಯೂದು ಯಾರು? ನಾನು. ಒಂದ ಸುತ್ತು ಕೊಡಪ್ಪಾ ಅಂದ್ರ ಅಣ್ಣ ಕೀಲಿ ತಲಿದಿಂಬಿನ ಕೆಳಗ ಇಟ್ಕೊಂಡು ಮಲಗತಾನ.”

ಋತುರಾಜ ತನ್ನ ಬೂಟುಗಳನ್ನು ನೋಡಿಕೊಂಡ. ಹೌಸಾಬಾಯಿ ಅವರೆಲ್ಲರಿಗೂ ಮಜ್ಜಿಗೆ ತಂದಿಟ್ಟಳು.

ಠಾಣೆಯಲ್ಲಿ ಇಂಗವಲೆ ಸಾಹೇಬರ ಸಲಹೆ ಬೇರೆಯೇ ಇತ್ತು. “ಕರದು ಚಂದಂಗ ಹೆದರಸ್ರಿ. ಮತ್ತೊಮ್ಮೆ ಗಾಡಿ ಮುಟ್ಟೂದಿಲ್ಲ.”

“ಸಾಹೇಬ್ರ, ಮೊಬೈಲ್ ಕದ್ದಿದ್ದ ಆ ಶುಕ್ರವಾರಪೇಟಿ ಹುಡುಗನ್ನ ಹಿಂಗs ಹೆದರಿಸಿದ್ವಿ. ಗಲ್ಲಿಗೆ ಹೋಗಿ ನಾನು ಪೊಲೀಸರ ಕಡೆ ಹೋಗಿ ಬಂದಾಂವ ಅಂತ ಹೆಸರಿನ ಮುಂದ ‘ಭಾಯಿ’ ಹಚ್ಚಿಕೊಂಡ. ನಾವs ಅಂವಗ ಪದವಿ ಕೊಟ್ಟಂಗಾತು.”

ಸಾಹೇಬರು ಮೀಸೆ ತೀಡಿಕೊಂಡರು. “ಹಂಗಾರ ನಿಮ್ಮ ಸ್ಕೂಟರು, ನಿಮ್ಮ ಹುಡಿಗಿ. ನೀವು ನೋಡ್ಕೋರಿ.”

ಬಾಲನ್ಯಾಯ ಮಂಡಳಿಯ ಕೋಣೆಯಲ್ಲಿ ಕಟಕಟೆ ಇರುವುದಿಲ್ಲ. ಮ್ಯಾಜಿಸ್ಟ್ರೇಟ್ ಮೇಡಂ ಮತ್ತು ಇಬ್ಬರು ಸದಸ್ಯರು ಮೇಜಿನ ಆಚೆ, ನಾವೆಲ್ಲ ಈಚೆ. ಅಲ್ಲಿ ಯಾರೂ ‘ಕಳ್ಳಿ’ ಅನ್ನುವಂತಿಲ್ಲ. ಕಾಗದದಲ್ಲಿ ಬರೆಯುವ ಹೆಸರು ‘ಕಾನೂನಿನೊಡನೆ ಸಂಘರ್ಷಕ್ಕೆ ಬಿದ್ದ ಮಗು’. ಅಷ್ಟುದ್ದ ಓದುವಷ್ಟರಲ್ಲಿ ಯಾರ ಸಿಟ್ಟಾದರೂ ಅರ್ಧ ಇಳಿಯುತ್ತದೆ.

ಸಬನೀಸ ಮಾಸ್ತರರ ಸಿಟ್ಟು ಮಾತ್ರ ಇಳಿದಿರಲಿಲ್ಲ. ನಿವೃತ್ತ ಗಣಿತ ಮಾಸ್ತರರು. ಹೆಂಡತಿ ಕುಮುದಿನಿಯ ಹೆಸರಿನ ಸ್ಕೂಟರನ್ನು ತಾವೇ ಓಡಿಸುತ್ತಿದ್ದರು. ರಸಿಕಾ ಅದನ್ನೂ ಒಮ್ಮೆ ಸುತ್ತಾಡಿಸಿದ್ದಳು.

“ಮೇಡಂ, ಶಿಸ್ತು ಅನ್ನೋದು ಒಂದು ಅದನೋ ಇಲ್ಲೋ? ಇವತ್ತು ಸ್ಕೂಟರ್, ನಾಳೆ ಕಾರು, ನಾಡದು ಬ್ಯಾಂಕು. ಇಂಥವರನ್ನ ಸುಧಾರಣಾ ಗೃಹಕ್ಕ ಕಳಸಬೇಕು.”

ಕುಮುದಿನಿಬಾಯಿ ಪಕ್ಕದಲ್ಲಿ ಸೆರಗು ಹೊದ್ದು ಕುಳಿತಿದ್ದರು. ಮೆಲ್ಲಗೆ ಅಂದರು: “ಅದನ್ನ ತಿರುಗಿ ಬಿಟ್ಟು ಹೋದಾಗ ಕನ್ನಡಿ ಸರಿಮಾಡಿದ್ಲು. ಎರಡು ವರ್ಷದಿಂದ ಅಲುಗಾಡತಿತ್ತು, ನೀವು ಮಾಡಿಸಿರಲಿಲ್ಲ.”

ಕೋಣೆಯಲ್ಲಿ ಯಾರೋ ಕೆಮ್ಮಿದಂತೆ ನಕ್ಕರು. ಮ್ಯಾಜಿಸ್ಟ್ರೇಟ್ ಮೇಡಂ ಹೌಸಾಬಾಯಿಯ ಕಡೆ ತಿರುಗಿದರು. “ನಿಮಗೇನು ಪರಿಹಾರ ಬೇಕು, ಹೇಳ್ರಿ.”

ಹೌಸಾಬಾಯಿ ಎದ್ದು ನಿಂತಳು. “ಬಾಯೀಸಾಹೇಬ್ರ, ನನ್ನ ಮಗ ಗಾಡಿ ಕೊಡಿಸಿ ಪುಣೇಕ ಹೋಗಿ ಕುಂತಾನ. ಕಲಸವ್ವಾ ಅಂದ್ರ ಸೊಸಿ ನಗತಾಳ. ಡ್ರೈವಿಂಗ್ ಸಾಲಿಯಾಂವ ಕಲಸಾಕ ಬಂದು, ಅಜ್ಜಿ ನಿಮ್ಮ ವಯಸ್ಸಿಗೆ ರಿಕ್ಷಾನs ಚಲೋ ಅಂದ. ಇಕಿ ಒಬ್ಬಾಕಿನ, ನಾ ಬಿದ್ದಾಗ ತಿರಿಗಿ ಬಂದು, ಎಲ್ಲಿ ತಪ್ಪಿತು ಅಂತ ಹೇಳಿದಾಕಿ. ನನಗ ಇಕಿ ಗಾಡಿ ಕಲಸಲಿ. ಅದs ನನ್ನ ಪರಿಹಾರ.”

ಮೇಡಂ ಪೆನ್ನು ಕೆಳಗಿಟ್ಟರು. ಮೂವರೂ ತಲೆಗೆ ತಲೆ ಹಚ್ಚಿ ಪಿಸುಗುಟ್ಟಿದರು. ಕೊನೆಗೆ ಆದೇಶವಾಯಿತು: ಮಳೆಗಾಲ ಮುಗಿಯುವವರೆಗೆ ಪ್ರತಿ ಭಾನುವಾರ ಗಾಂಧಿ ಮೈದಾನದಲ್ಲಿ, ತಾನು ಯಾರ ಗಾಡಿ ತೆಗೆದುಕೊಂಡು ಹೋಗಿದ್ದಳೋ ಅವರಲ್ಲಿ ಯಾರಿಗೆ ಕಲಿಯುವ ಮನಸ್ಸಿದೆಯೋ ಅವರಿಗೆ ರಸಿಕಾ ಕಲಿಸಬೇಕು. ವಯಸ್ಸು ತುಂಬುವವರೆಗೆ ತಾನು ರಸ್ತೆಯಲ್ಲಿ ಗಾಡಿ ಮುಟ್ಟಬಾರದು. ಅವ್ವ ಅಪ್ಪ ಸಲಹೆಗಾರರ ಹತ್ತಿರ ಹೋಗಿ ಬರಬೇಕು. ಮೇಲ್ವಿಚಾರಣೆ ನನ್ನದು.

“ಇದು ಶಿಕ್ಷೆಯೋ ಬಹುಮಾನವೋ?” ಎಂದು ಸಬನೀಸ ಮಾಸ್ತರರು ಬಾಗಿಲಲ್ಲಿ ಗೊಣಗಿದರು.

“ನನಗ ಗಾಡಿ ಕಲಸಿ ನೋಡ್ರಿ ಮಾಸ್ತರ, ಆಮ್ಯಾಲ ಹೇಳ್ರಿ” ಎಂದಳು ಹೌಸಾಬಾಯಿ.

ಮೊದಲ ಭಾನುವಾರ ಹೌಸಾಬಾಯಿ ಒಬ್ಬಳೇ ಬಂದಳು, ಒಂಬತ್ತು ಗಜದ ನವವಾರಿ ಸೀರೆ ಬಿಗಿಯಾಗಿ ಉಟ್ಟು, ಹಣೆಯಲ್ಲಿ ರೂಪಾಯಿಯಗಲ ಕುಂಕುಮ, ತಲೆಯ ಮೇಲೆ ಮಗನ ಹೆಲ್ಮೆಟ್ಟು. ರಸಿಕಾ ಅವಳಿಗೆ ಗಾಡಿ ಶುರು ಮಾಡಲೇ ಬಿಡಲಿಲ್ಲ. ಇಂಜಿನ್ ಆರಿಸಿದ ಗಾಡಿಯ ಮೇಲೆ ಕೂರಿಸಿ ಹಿಂದಿನಿಂದ ತಳ್ಳುತ್ತ ಮೈದಾನ ಸುತ್ತಿಸಿದಳು.

“ಕಣ್ಣು ಎಲ್ಲೈತ್ರಿ ಮಾವಶಿ?”

“ಮುಂದಿನ ಗಾಲಿ ಮ್ಯಾಲ.”

“ಗಾಲಿ ನೋಡಬ್ಯಾಡ್ರಿ. ನೀವು ಎಲ್ಲಿ ನೋಡ್ತೀರಿ ಗಾಡಿ ಅಲ್ಲೇ ಹೋಗತೈತಿ. ಆ ಬೇವಿನ ಗಿಡ ನೋಡ್ರಿ.”

ಹೌಸಾಬಾಯಿ ಬೇವಿನ ಗಿಡ ನೋಡಿದಳು. ಗಾಡಿ ನೇರ ಹೋಗಿ ಬೇವಿನ ಗಿಡಕ್ಕೇ ಗುದ್ದಿತು.

“ನೀನs ನೋಡು ಅಂದಿ!”

“ನೋಡು ಅಂದೆ, ಅಪ್ಪಿಕೋ ಅನ್ನಲಿಲ್ಲ!”

ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಿದ್ದವರು ಆಟ ನಿಲ್ಲಿಸಿ ನೋಡತೊಡಗಿದರು. ಕೊಲ್ಹಾಪುರದಲ್ಲಿ ಫುಟ್‌ಬಾಲ್ ನಿಲ್ಲುವುದೆಂದರೆ ಸಣ್ಣ ಮಾತಲ್ಲ. ಮುಂದಿನ ಭಾನುವಾರ ತರಕಾರಿ ಮಾರುವ ಇಬ್ಬರು ಬಂದರು. ಆಮೇಲೆ ಒಬ್ಬ ನರ್ಸ್ ಬಂದಳು. ಇವರ್ಯಾರ ಗಾಡಿಯನ್ನೂ ರಸಿಕಾ ತೆಗೆದವಳಲ್ಲ. “ನಮ್ಮ ಗಾಡಿನೂ ಒಮ್ಮೆ ಕದ್ದಿದ್ದಳಂತ ಬರಕೋರಿ ತಾಯಿ, ನಮಗೂ ಕಲೀಬೇಕು” ಎಂದು ನನಗೆ ದುಂಬಾಲು ಬಿದ್ದರು.

ಒಂದು ಮುಂಜಾನೆ ಸಬನೀಸ ಮಾಸ್ತರರ ಸ್ಕೂಟರು ಬಂತು. ಓಡಿಸುತ್ತಿದ್ದವರು ಮಾಸ್ತರರು, ಹಿಂದೆ ಕುಮುದಿನಿಬಾಯಿ. ಮಾಸ್ತರರು ಇಳಿದು, ಆಕಾಶ ನೋಡುತ್ತ, “ನಾನು ಸುಮ್ಮನ ವಾಯುವಿಹಾರಕ್ಕ ಬಂದೇನಿ. ಇವರಿಗೆ ಏನೋ ನೋಡೋದದ ಅಂತ,” ಎಂದು ಮೈದಾನದ ಆಚೆ ತುದಿಗೆ ನಡೆದುಬಿಟ್ಟರು. ಕುಮುದಿನಿಬಾಯಿ ಅರವತ್ತರ ಮೇಲಿನವರು. ಗಾಡಿ ಹತ್ತಿ ಮೂರೇ ಸುತ್ತಿಗೆ ಕಾಲು ಮೇಲಿಟ್ಟು ಓಡಿಸಿದರು. ರಸಿಕಾ ಬೆರಗಾಗಿ ನಿಂತಳು.

“ಅಜ್ಜಿ, ನಿಮಗ ಬರತೈತಿ!”

“ಮದವಿಗಿಂತ ಮೊದಲ ಸೈಕಲ್ ರೇಸಿನಾಗ ಕಪ್ ಗೆದ್ದಿದ್ದೆ. ಇವರು ಕೇಳಲಿಲ್ಲ, ನಾ ಹೇಳಲಿಲ್ಲ.”

ಪಾಠ ಮಾಡುವಾಗ ರಸಿಕಾಳ ನಾಲಿಗೆಗೆ ಕರುಣೆ ಎಂಬುದಿರಲಿಲ್ಲ. “ಹಿಟ್ಟು ನಾದಬ್ಯಾಡ್ರಿ, ಹ್ಯಾಂಡಲ್ ಹಿಡೀರಿ!” “ಬ್ರೇಕ್ ಕೆಳಗೈತಿ, ದೇವರು ಮ್ಯಾಲಿದ್ದಾನ, ಮೊದಲ ಬ್ರೇಕ್ ಹುಡಕ್ರಿ!” ಹೆಂಗಸರು ಬೈಸಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಪ್ರತಿಯೊಬ್ಬರೂ ಬರುವಾಗ ಅವಳಿಗೆ ಏನಾದರೂ ತಿನ್ನಲು ತರುತ್ತಿದ್ದರು. ತಂಗಿಯನ್ನು ಬಿಟ್ಟುಹೋಗಲು ಬರುತ್ತಿದ್ದ ಋತುರಾಜ ತಿನಿಸಿನ ಆಸೆಗೆ ನಿಂತ. ನಿಂತವನಿಗೆ ಅವಳು ಇಟ್ಟಿಗೆ ಸಾಲಾಗಿ ಜೋಡಿಸುವ ಕೆಲಸ ಹಚ್ಚಿದಳು. ನೋಡುನೋಡುತ್ತ ಅವನು ಅವಳ ಮಾತಿಗೆ ‘ಹೂಂ’ ಅನ್ನತೊಡಗಿದ.

ಸರದಿಗೆ ಕಾಯುತ್ತ ನಿಂತ ಗಾಡಿಗಳ ಕೀಲಿಗಳೆಲ್ಲ ಪಾಠದ ಹೊತ್ತಿನಲ್ಲಿ ರಸಿಕಾಳ ಕೊರಳಲ್ಲಿರುತ್ತಿದ್ದವು, ಒಂದು ಹಗ್ಗದಲ್ಲಿ ಪೋಣಿಸಿ. ಹಾಗೆ ಮಾಡೋಣವೆಂದದ್ದು ನಾನಲ್ಲ, ಹೌಸಾಬಾಯಿ. ಮೊದಲ ಸಲ ಕೊರಳಿಗೆ ಹಾಕಿದಾಗ ಹುಡುಗಿ ಕೀಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ್ದಳು.

ಆಗಸ್ಟಿನಲ್ಲಿ ಒಂದು ಭಾನುವಾರ ರಸಿಕಾ ಬರಲಿಲ್ಲ. ಋತುರಾಜನಿಗೂ ಗೊತ್ತಿರಲಿಲ್ಲ, ತಲೆನೋವೆಂದು ಮಲಗಿದ್ದಾಳೆ ಎಂದ. ಹೀಗೆ ಚೆನ್ನಾಗಿ ನಡೆಯುತ್ತಿರುವಾಗಲೇ ಜಾರಿದವರನ್ನು ಕಂಡಿದ್ದೇನೆ. ನಾನು ಹೋಗುತ್ತೇನೆಂದರೆ ಹೌಸಾಬಾಯಿ ತಡೆದಳು. “ನೀ ಎಷ್ಟಾದ್ರೂ ಪೊಲೀಸ್. ನಾ ಹೋಗತೀನಿ.”

ಸಂಜೆ ಖಾನಾವಳಿಯ ಹಿಂದಿನ ಕೋಣೆಗೆ ನನ್ನನ್ನು ಕರೆದಳು. ರಸಿಕಾ ಅಲ್ಲಿ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದಳು.

“ಹೇಳವ್ವಾ, ನನಗ ಹೇಳಿದ್ದನ್ನs ಹೇಳು. ಶಾಲನ್ ಕಚ್ಚೂದಿಲ್ಲ.”

ಪಿಂಟ್ಯಾ ಎಂಬವನು ಅವಳನ್ನು ಹಿಡಿದಿದ್ದ. ಹಳೆಯ ಗಾಡಿಗಳ ಗುಜರಿ ಅಂಗಡಿಯವನು, ಮೂವತ್ತರ ಹತ್ತಿರದವನು. ಬೇಸಿಗೆಯಲ್ಲಿ ರಸಿಕಾ ಮಾರುಕಟ್ಟೆಯಿಂದ ಗಾಡಿ ತೆಗೆಯುವುದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದನಂತೆ. ಈಗ ಶಾಲೆಯ ದಾರಿಯಲ್ಲಿ ಅಡ್ಡ ನಿಂತು ತೋರಿಸಿದ್ದ. ಮೈದಾನದಲ್ಲಿ ಪಾಠದ ಹೊತ್ತಿಗೆ ಹೊಸ ಗಾಡಿಯೊಂದನ್ನು ಹಿಂದಿನ ಗೇಟಿನ ಹತ್ತಿರ ನಿಲ್ಲಿಸಿ ಕೀಲಿ ಬಿಟ್ಟರೆ ಸಾಕು, ಉಳಿದದ್ದು ತನ್ನದು. ಇಲ್ಲದಿದ್ದರೆ ವಿಡಿಯೋ ಶಾಲೆಗೆ ಹೋಗುತ್ತದೆ ಎಂದು ಹೆದರಿಸಿದ್ದ.

“‘ನಿನಗ ಹದಿನೆಂಟು ತುಂಬಿಲ್ಲ, ಸಿಕ್ಕರೂ ಏನೂ ಆಗೂದಿಲ್ಲ, ನನ್ನ ಕಡೆ ಇನ್ನೂ ಇಬ್ಬರು ಹುಡುಗರದಾರ’ ಅಂದಾನ್ರಿ.” ರಸಿಕಾ ಮೂಗು ಒರೆಸಿಕೊಂಡಳು. “ಕೀಲಿ ಎಲ್ಲಾ ನನ್ನ ಕೊರಳಾಗ ಇರತಾವ್ರಿ ತಾಯಿ. ಅದಕ್ಕs ಇವತ್ತ ಬರಲಿಲ್ಲ. ಬಂದ್ರ ನಾ ಏನ್ ಮಾಡ್ತೀನೋ ಅಂತ ನನಗs ಅಂಜಿಕಿ ಬಂತು.”

ಹೌಸಾಬಾಯಿ ಅವಳ ತಲೆಗೆ ಮೆಲ್ಲಗೆ ಮೊಟಕಿದಳು. “ಹುಚ್ಚಿ! ಆ ವಿಡಿಯೋದಾಗ ಏನೈತಿ? ನೀ ಗಾಡಿ ತಗೊಂಡಿದ್ದು. ಅದು ನನಗ ಗೊತ್ತಿಲ್ಲೇನು? ಪೊಲೀಸರಿಗೆ ಗೊತ್ತಿಲ್ಲೇನು? ಕೋರ್ಟಿಗೆ ಗೊತ್ತಿಲ್ಲೇನು? ಇಡೀ ಗಂಗಾವೇಶಿಗೆ ಗೊತ್ತಿದ್ದದ್ದನ್ನ ಅಂವಾ ಇನ್ಯಾರಿಗೆ ತೋರಸತಾನಂತ?”

ರಸಿಕಾ ಬಾಯಿ ತೆರೆದು ಅವಳನ್ನೇ ನೋಡಿದಳು. ಅವಳ ಮುಖದಲ್ಲಿ ಬೆಳಕು ನಿಧಾನವಾಗಿ ಹತ್ತಿತು. “ಹೌದಲ್ರಿ!” ಎಂದಳು. ಆಮೇಲೆ ಅಳುತ್ತಲೇ ನಗತೊಡಗಿದಳು.

ಮುಂದಿನ ಭಾನುವಾರ ಪಾಠ ಎಂದಿನಂತೆಯೇ ನಡೆಯಿತು. ರಸಿಕಾ ಯಾರನ್ನೂ ಮೋಸಗೊಳಿಸುವ ಆಟ ಆಡಬೇಕಾಗಿರಲಿಲ್ಲ, ಯಾರಾದರೂ ಮಾತಾಡಿಸಿದರೆ ನನ್ನ ಪಕ್ಕದಲ್ಲೇ ಇರು ಎಂದಷ್ಟೇ ಹೇಳಿದ್ದೆ. ನಾನು ಕಲಿಯುವವರಂತೆ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನಿಂತಿದ್ದೆ. ಇಂಗವಲೆ ಸಾಹೇಬರು ಮಫ್ತಿಯಲ್ಲಿ ಇಬ್ಬರನ್ನು ಕರೆದುಕೊಂಡು ಫುಟ್‌ಬಾಲ್ ನೋಡುತ್ತಿದ್ದರು, ನಿಜವಾಗಿಯೂ ನೋಡುತ್ತಿದ್ದರು, ಆಮೇಲೆ ಎರಡು ಸಲ ಕೂಗಿ ಕರೆಯಬೇಕಾಯಿತು.

ಹಿಂದಿನ ಗೇಟಿನಲ್ಲಿ ಕಾದು ಸಾಕಾಗಿ ಪಿಂಟ್ಯಾ ಒಳಗೇ ಬಂದ. ಕಪ್ಪು ಕನ್ನಡಕ, ಹೂವಿನ ಅಂಗಿ.

“ಏನವ್ವಾ, ಮರತಿ ಏನು?” ಎಂದ ರಸಿಕಾಳಿಗೆ. ಆಮೇಲೆ ನನಗೆ: “ಮಾವಶಿ, ನೀವು ಸ್ವಲ್ಪ ಆ ಕಡೆ ಹೋಗ್ರಿ. ನಮ್ಮದು ಖಾಸಗಿ ಮಾತೈತಿ.”

“ನಾನು ಕಿವುಡಿ ಇದ್ದಂಗ ಅದೀನಪ್ಪಾ. ಮಾತಾಡ್ಕೋರಿ,” ಎಂದೆ.

ಅವನು ನನ್ನ ಕಡೆ ಇನ್ನೊಮ್ಮೆಯೂ ನೋಡಲಿಲ್ಲ. “ಆ ಕೆಂಪು ಗಾಡಿ ಹೊಸಾದೈತಿ. ಕೀಲಿ ತಗದು ಕೊಡು. ಇಲ್ಲಾಂದ್ರ ವಿಡಿಯೋ ಇವತ್ತs ನಿಮ್ಮ ಹೆಡ್‌ಮಾಸ್ತರಗ ಹೋಗತೈತಿ.”

ರಸಿಕಾ ಕೊರಳ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಳು. “ಕಳಸು. ಹೆಡ್‌ಮಾಸ್ತರಿಗೆ ನಾನs ಹೋದ ವಾರ ಹೇಳೇನಿ. ಅವರ ಹೆಂಡತಿ ಆ ನೀಲಿ ಗಾಡಿಮ್ಯಾಲ ಕುಂತಾರ ನೋಡು.”

ನೀಲಿ ಗಾಡಿಯ ಹೆಂಗಸು ಕೈ ಬೀಸಿದಳು. ಪಿಂಟ್ಯಾನಿಗೆ ಏನೋ ಸರಿಯಿಲ್ಲವೆನ್ನಿಸಿತು. ಹಿಂದೆ ತಿರುಗಿದ. ತಿರುಗಿದ ಕಡೆಯೆಲ್ಲ ಸ್ಕೂಟರುಗಳು. ಹೌಸಾಬಾಯಿ, ನರ್ಸ್, ತರಕಾರಿಯವರು ಎಲ್ಲರೂ ಸುತ್ತ ಬಂದು ನಿಂತಿದ್ದರು. ಎಲ್ಲರಿಗೂ ಬ್ರೇಕು ಹಾಕಿ ಸರಿಯಾದ ಜಾಗದಲ್ಲಿ ನಿಲ್ಲಿಸಲು ಬಂದಿತ್ತು ಎನ್ನುವುದೇ ನನಗೆ ದೊಡ್ಡ ಸಮಾಧಾನ. ಕುಮುದಿನಿಬಾಯಿ ಕನ್ನಡಕ ಸರಿಮಾಡಿಕೊಂಡು ಕೇಳಿದರು: “ಯಾವ ಸಾಲಿ ಮಾಸ್ತರು ನಿನಗ ಕಲಿಸಿದ್ದು? ಸಬನೀಸರೇನು?”

“ಹೌದ್ರಿ…” ಎಂದುಬಿಟ್ಟ ಪಿಂಟ್ಯಾ, ಗಾಬರಿಯಲ್ಲಿ.

“ಕರೀರಿ ಅವರನ್ನ!”

ಆಚೆ ತುದಿಯ ವಾಯುವಿಹಾರದಿಂದ ಮಾಸ್ತರರು ಬರುವಷ್ಟರಲ್ಲಿ ನಾನು ನನ್ನ ಐಡಿ ಕಾರ್ಡು ತೆಗೆದು ಪಿಂಟ್ಯಾನ ಕನ್ನಡಕದ ಮುಂದೆ ಹಿಡಿದೆ. ಹದಿನೆಂಟು ತುಂಬದವರಿಗೆ ಏನೂ ಆಗುವುದಿಲ್ಲ ಎಂದು ನಂಬಿಸುವ ದೊಡ್ಡವರಿಗೆ ಅದೇ ಕಾನೂನಿನಲ್ಲಿ ಬೇರೆ ಪುಟವೊಂದಿದೆ, ಮತ್ತು ಅದು ಚಿಕ್ಕ ಪುಟವಲ್ಲ. ಅವನ ಅಂಗಡಿಯ ಹಿತ್ತಲಲ್ಲಿ ಬಿಚ್ಚಿದ ಗಾಡಿಗಳು ಸಿಕ್ಕವು. ಅವನು ಹೇಳಿದ ಇಬ್ಬರು ಹುಡುಗರೂ ಸಿಕ್ಕರು. ಅವರಲ್ಲಿ ಒಬ್ಬನಿಗೆ ಬೇಕಿದ್ದದ್ದು ಈಜು ಎಂದು ತಿಳಿಯಲು ತಡವಾಗಲಿಲ್ಲ, ಈಗ ರಾತ್ರಿ ಶಾಲೆಗೆ ಹೋಗುತ್ತಾನೆ, ಬೆಳಿಗ್ಗೆ ಈಜುಕೊಳದಲ್ಲಿರುತ್ತಾನೆ. ಇನ್ನೊಬ್ಬ ನನ್ನ ಜೊತೆ ಇನ್ನೂ ಮಾತೇ ಆಡಿಲ್ಲ. ಪ್ರತಿ ವಾರ ಬಂದು ಕೂರುತ್ತಾನೆ, ಚಹಾ ಕುಡಿದು ಹೋಗುತ್ತಾನೆ. ಬರುತ್ತಾನಲ್ಲ, ಸದ್ಯಕ್ಕೆ ಅಷ್ಟು ಸಾಕು.

ಮಂಡಳಿಯ ಆದೇಶದ ಅವಧಿ ಮುಗಿದಾಗ ಮೇಡಂ ರಸಿಕಾಳನ್ನು ಕೇಳಿದರು, ಇನ್ನು ಭಾನುವಾರ ಏನು ಮಾಡುತ್ತೀಯೆಂದು. “ಅವರು ಬಿಡಬೇಕಲ್ರಿ,” ಎಂದಳು ಅವಳು ಬಾಗಿಲ ಕಡೆ ಬೆರಳು ತೋರಿಸಿ. ಹೊರಗೆ ಎಂಟು ಹೆಂಗಸರು ಹೆಲ್ಮೆಟ್ ಹಿಡಿದು ನಿಂತಿದ್ದರು. ಸಬನೀಸ ಮಾಸ್ತರರು ಪಕ್ಕದಲ್ಲಿ ನಿಂತು, ಹುಡುಗಿಗೆ ಹತ್ತನೇ ತರಗತಿಯ ಗಣಿತ ತಾವೇ ಹೇಳಿಕೊಡುತ್ತೇವೆಂದು ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳುತ್ತಿದ್ದರು.

ಮನೆಯೊಳಗಿನದು ಅಷ್ಟು ಬೇಗ ಬದಲಾಗಲಿಲ್ಲ. ದಿನಕರ ಸಲಹೆಗಾರರ ಮುಂದೆ ನಾಲ್ಕು ಸಲ ಮುಖ ಗಂಟಿಕ್ಕಿ ಕುಳಿತು ಬಂದ. ಐದನೆಯ ಸಲ ಹಳೆಯ ಗ್ಯಾರೇಜಿನ ಮಾತು ಬಂದಾಗ ಅತ್ತನಂತೆ. ದೀಪಾವಳಿಗೆ ಮೊದಲು ಒಂದು ದಿನ ಅವರ ಮನೆಗೆ ಹೋಗಿದ್ದೆ. ಅಪ್ಪ ಮಗಳು ಇಬ್ಬರೂ ಅಂಗಳದಲ್ಲಿ ಋತುರಾಜನ ಮೋಟರ್‌ಸೈಕಲ್ ಬಿಚ್ಚಿ ಕುಳಿತಿದ್ದರು, ಮೊಣಕೈವರೆಗೆ ಎಣ್ಣೆ. “ತಪ್ಪು, ಆ ಬೋಲ್ಟ್ ಮೊದಲ,” ಎಂದು ದಿನಕರ. “ಅಲ್ಲಪ್ಪಾ, ಇದs ಮೊದಲ,” ಎಂದು ಅವಳು. ನಾನು ಬಂದದ್ದನ್ನು ಇಬ್ಬರೂ ಗಮನಿಸಲಿಲ್ಲ. ಅಲಕಾ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಬಾಗಿಲು ಓರೆ ಮಾಡಿ, ಕಿವಿಯಲ್ಲಿ ಕೇಳಿದಳು: “ತಾಯಿ, ನನಗೂ ಕಲೀಬೇಕಾಗೈತಿ. ಇವರಿಗೆ ಹೇಳಬ್ಯಾಡ್ರಿ.”

ಸಂಕ್ರಾಂತಿ ಕಳೆದ ಮೇಲೆ ಆರ್‌ಟಿಓ ಕಚೇರಿಯ ಅಂಗಳದಲ್ಲಿ ಅಲಕಾಳ ಲೈಸೆನ್ಸಿನ ಪರೀಕ್ಷೆ. ಕುಮುದಿನಿಬಾಯಿಯ ಸ್ಕೂಟರು. ಕಟ್ಟೆಯ ಮೇಲೆ ಹೌಸಾಬಾಯಿ, ನಾನು, ರಸಿಕಾ. ಬಾಯಿ ತೆರೆದರೆ ಹೊರಗೆ ಹಾಕುತ್ತೇನೆಂದು ಅಲ್ಲಿಯ ಪರೀಕ್ಷೆಯ ಸಾಹೇಬರು ರಸಿಕಾಳಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಅವಳು ಎರಡೂ ತುಟಿ ಬಿಗಿದು ಕುಳಿತಿದ್ದಳು, ಬಲಗೈ ಮಾತ್ರ ಗಾಳಿಯಲ್ಲಿ ತಾನಾಗಿ ತಿರುಗುತ್ತಿತ್ತು, ಸಡಿಲುತ್ತಿತ್ತು. ಅಲಕಾ ಎಂಟರ ಆಕಾರದಲ್ಲಿ ಒಂದು ಸುತ್ತು ಬಂದಳು, ತಿರುವಿನಲ್ಲಿ ಸ್ವಲ್ಪ ಅಲುಗಿದಳು, ಕಾಲು ಕೆಳಗೆ ಊರಲಿಲ್ಲ. ಸಾಹೇಬರು ಪಾಸೆಂದು ತಲೆಯಾಡಿಸಿದರು.

ಅಲಕಾ ಗಾಡಿಯನ್ನು ಕಟ್ಟೆಯ ಹತ್ತಿರ ತಂದು ನಿಲ್ಲಿಸಿದಳು. ಬೆವರಿನಲ್ಲಿ ಮಿಂದಿದ್ದಳು. ರಸಿಕಾ ಹಾರಿ ಹಿಂದೆ ಕುಳಿತು, ತಡೆದುಕೊಂಡದ್ದನ್ನೆಲ್ಲ ಒಮ್ಮೆಲೇ ಸುರಿದಳು: “ಅವ್ವಾ, ಎರಡನೇ ತಿರುವಿನಾಗ ಕಣ್ಣು ಕೆಳಗ ಹೋತು, ನಾ ನೋಡಿದೆ, ಹಂಗ ಮಾಡಬಾರದು, ಮತ್ತ ಎಡಗೈ ಭಾಳ ಬಿಗಿ…”

“ಬಾಯಿ ಮುಚ್ಚಿಕೊಂಡು ಗಟ್ಟ್ಯಾಗಿ ಹಿಡಕೋ,” ಎಂದಳು ಅಲಕಾ. “ನಾ ಓಡಸಾಕತ್ತೀನಿ.”